ಅಂಟಿತು, ಅಂಟಲಿಲ್ಲ

ಇಮೇಲಿನ ನೆತ್ತಿಯ ಮೇಲೆ ‘ಇಂದ’ ಎಂದಿರುವ ಕಡೆ ಯಾರ ಹೆಸರಿರಬೇಕು ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಚಿಂತಕರು ಇನ್ನೂ ಕೈಗೆತ್ತಿಕೊಂಡಿಲ್ಲ. ದೇಶಗಳ ಗಡಿ, ಆತ್ಮದ ಗತಿ ಮುಂತಾದ ಸಣ್ಣಪುಟ್ಟ ವಿಷಯಗಳಲ್ಲೇ ಅವರು ಮುಳುಗಿಹೋಗಿದ್ದಾರೆ. ಹೀಗಾಗಿ ನಾಲ್ಕನೇ ಮಹಡಿಯ ಮನೆಯೊಂದರಲ್ಲಿ ಆ ಪ್ರಶ್ನೆ ಎದ್ದಾಗ ಅದನ್ನು ಅತ್ತೆ ಸೊಸೆ ಇಬ್ಬರೇ ಬಗೆಹರಿಸಬೇಕಾಯಿತು. ಮನೆಯಲ್ಲಿ ಮೂರನೆಯವನೊಬ್ಬ ಇದ್ದ ನಿಜ. ಅವನು ಹಲ್ಲಿನ ಡಾಕ್ಟರು. ದಿನವಿಡೀ ಕಂಡವರ ಬಾಯಿ ತೆರೆಸುತ್ತಿದ್ದವನು, ಮನೆಯೊಳಗೆ ಕಾಲಿಟ್ಟೊಡನೆ ತನ್ನ ಬಾಯಿ ಮುಚ್ಚಿಕೊಳ್ಳುವುದನ್ನು ಮದುವೆಯಾದ ಹೊಸತರಲ್ಲೇ ಕಲಿತುಬಿಟ್ಟಿದ್ದ.

ಸೊಸೆ ಪ್ರೋಗ್ರಾಮರ್. ಕಚೇರಿಯಲ್ಲಿ ಅವಳ ಪಾಲಿಗೆ ಬಂದಿದ್ದ ಕೆಲಸ ಪರದೆಯ ಮೇಲಿನ ಗುಂಡಿಗಳ ಬಣ್ಣ ಬದಲಿಸುವುದು. ಮೇಲಿನವರು ಒಂದು ವಾರ ನೀಲಿ ಕೇಳುವರು, ಮುಂದಿನ ವಾರ ಅಷ್ಟು ನೀಲಿ ಬೇಡವೆನ್ನುವರು. ಅವಳ ಜೀವವಿದ್ದದ್ದು ಗಂಟೆಯಲ್ಲಿ. ಗಂಟೆ ಎಂದರೆ ಹೊತ್ತು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಒಂದು ಪ್ರೋಗ್ರಾಂ. ಅದು ಯಾರಪ್ಪನ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಶಾಲೆಗಳು, ಕಾರ್ಖಾನೆಗಳು, ಈಜುಕೊಳಗಳು ಅದನ್ನು ಬಳಸುತ್ತಿದ್ದವು. ಒಂದು ಜೈಲೂ ಬಳಸುತ್ತಿತ್ತು. ಜೈಲಿನಿಂದ ದೂರು ಬರುತ್ತಿದ್ದುದು ಕಡಿಮೆ. ಗಂಟೆ ತಡವಾಯಿತೆಂದು ಅಲ್ಲಿ ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ.

ಗಂಟೆಯ ಯಜಮಾನಿಕೆ ದೂರದೂರಿನ ಒಬ್ಬ ಹಿರಿಯರದು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ತಿದ್ದಬೇಕಾದವರು ‘ಈ ಸಾಲು ತೆಗೆಯಿರಿ, ಆ ಸಾಲು ಸೇರಿಸಿ’ ಎಂಬ ತೇಪೆಯೊಂದನ್ನು ಇಮೇಲಿನಲ್ಲಿ ಕಳಿಸಬೇಕು. ಮೇಷ್ಟ್ರು ಗಿಟ್ ಎಂಬ, ಆದ ಬದಲಾವಣೆಗಳನ್ನೆಲ್ಲ ನೆನಪಿಡುವ ವ್ಯವಸ್ಥೆಗೆ ಒಂದೇ ಒಂದು ಆದೇಶ ಕೊಡುವರು. ಇಮೇಲು ಇದ್ದದ್ದು ಇದ್ದ ಹಾಗೆ ಬಂದಿದ್ದರೆ ತೇಪೆ ತಾನಾಗಿ ಅದರ ಜಾಗಕ್ಕೆ ಹೋಗಿ ಕೂರುವುದು. ಒಂದು ಸಾಲು ಮುರಿದಿದ್ದರೂ, ಒಂದು ಖಾಲಿ ಜಾಗ ಆಚೀಚೆಯಾಗಿದ್ದರೂ ಕೂರುವುದಿಲ್ಲ. ಮೇಷ್ಟ್ರ ಉತ್ತರ ಎರಡೇ ಬಗೆ. ‘ಅಂಟಿತು’, ಇಲ್ಲವೇ ‘ಅಂಟಲಿಲ್ಲ’. ಮಾತಿನಲ್ಲಿ ಅಂಥ ಮಿತವ್ಯಯವನ್ನು ಬೇರೆ ಯಾವ ಮೇಷ್ಟ್ರಲ್ಲೂ ನಾನು ಕಂಡಿಲ್ಲ.

ಸೊಸೆ ಕಚೇರಿಯ ಇಮೇಲಿನಿಂದ ಕಳಿಸಿದ್ದೆಲ್ಲ ಅಂಟಲಿಲ್ಲ. ಆ ಇಮೇಲಿಗೆ ಉದ್ದ ಸಾಲು ಕಂಡರೆ ಆಗದು, ನಡುವಿಗೆ ಹೊಡೆದು ಎರಡು ಮಾಡುತ್ತಿತ್ತು. ಕೊನೆಗೊಂದು ದಿನ ಅವಳ ಕಣ್ಣು ಅತ್ತೆಯ ಕೋಣೆಯ ಮುದಿ ಕಂಪ್ಯೂಟರಿನ ಮೇಲೆ ಬಿತ್ತು. ಅದರಲ್ಲಿದ್ದ ಇಮೇಲ್ ಪ್ರೋಗ್ರಾಂ ಎಷ್ಟು ಹಳೆಯದೆಂದರೆ ಅದಕ್ಕೆ ಜಾಣತನವೇ ಗೊತ್ತಿರಲಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಮುಟ್ಟಿಸುತ್ತಿತ್ತು. ಅಲ್ಲಿಂದ ಕಳಿಸಿದಳು. ‘ಅಂಟಿತು’ ಎಂದು ಬಂತು. ಸೊಸೆ ಅತ್ತೆಯ ಮಂಚದ ಮೇಲೆ ಹತ್ತಿ ಕುಣಿದಳು. ಅತ್ತೆ ದಿಂಬು ಎತ್ತಿಕೊಂಡು ಜಾಗ ಮಾಡಿಕೊಟ್ಟರು.

ಅಂದಿನಿಂದ ವರ್ಷದುದ್ದಕ್ಕೂ ಸೊಸೆ ಕಚೇರಿಯಿಂದ ಬಂದವಳೇ ಚಪ್ಪಲಿ ಬಿಟ್ಟು ಆ ಕೋಣೆ ಸೇರುವಳು. ಅತ್ತೆ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಒಂದಕ್ಷರ ಅರ್ಥವಾಗದಿದ್ದರೂ ಪರದೆಯನ್ನು ಧಾರಾವಾಹಿಯ ಹಾಗೆ ನೋಡುವರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಉತ್ತರ ಬರುವ ತನಕ ಕಾಯುವುದು ಅವರಿಗೆ ಅಭ್ಯಾಸ. ಅವರ ಬಾಯಲ್ಲಿ ‘ಅಂಟಿತಾ?’ ಎಂಬುದು ‘ಊಟ ಆಯಿತಾ?’ ಎಂಬುದರ ಜಾಗವನ್ನೇ ಹಿಡಿಯಿತು. ಮಗ ಯಾರಿಗೋ ಹಲ್ಲು ಕಟ್ಟಿ ಬಂದೆನೆಂದರೆ ಅವನಿಗೂ ಅದೇ ಪ್ರಶ್ನೆ.

ಹೀಗಿರಲು ಮೇಷ್ಟ್ರಿಗೆ ವಯಸ್ಸಾಯಿತು. ತೇಪೆ ಹಚ್ಚುವ ಅಧಿಕಾರವನ್ನು, ಅವರದೇ ಮಾತಿನಲ್ಲಿ ಬೀಗದ ಕೈಯನ್ನು, ಇನ್ನೊಬ್ಬರಿಗೂ ಕೊಡುವುದಾಗಿ ಸಾರಿದರು. ಸೊಸೆಯ ನಿದ್ದೆ ಹಾರಿತು. ಆ ವರ್ಷ ಅವಳಷ್ಟು ತೇಪೆ ಹಚ್ಚಿದವರು ಯಾರೂ ಇರಲಿಲ್ಲ. ಬೀಗದ ಕೈ ಸಿಕ್ಕರೆ ಜಗತ್ತಿನಲ್ಲಿ ಒಂದಾದರೂ ಕೆಲಸ ಅವಳ ಮಾತಿನ ಮೇಲೆ ನಡೆಯುತ್ತಿತ್ತು, ಅದೂ ನೀಲಿಯಲ್ಲದ್ದು.

ಆ ಇಮೇಲು ಬಂದದ್ದು ಅತ್ತೆಗೆ. ಊಟದ ಮೇಜಿನಲ್ಲಿ ಅವರೇ ಕನ್ನಡಕ ಏರಿಸಿ ಓದಿದರು: ವರ್ಷವಿಡೀ ದುಡಿದ ತಮಗೆ ಬೀಗದ ಕೈ ಒಪ್ಪಿಸಲು ನಿರ್ಧರಿಸಿದ್ದೇನೆ, ನಾಳೆ ಸಂಜೆ ವಿಡಿಯೋದಲ್ಲಿ ಮಾತಾಡೋಣ. ಅತ್ತೆ ಇದು ಇಡೀ ಮನೆತನಕ್ಕೆ ಸಂದ ಗೌರವವೆಂದೇ ತಿಳಿದಿದ್ದರು. ಸೊಸೆ ಎದ್ದು ಓಡಿದಳು. ಗಿಟ್ಟಿನ ಚರಿತ್ರೆ ತೆರೆದರೆ, ಮೇಲಿನಿಂದ ಕೆಳಗಿನವರೆಗೆ ಅವಳ ತೇಪೆಗಳಿಗೆಲ್ಲ ಕರ್ತೃ ಅತ್ತೆ. ಈಜುಕೊಳದ ಗಂಟೆ ತಿದ್ದಿದ್ದು ಅತ್ತೆ. ಜೈಲಿನ ಗಂಟೆ ತಿದ್ದಿದ್ದೂ ಅತ್ತೆ.

ಆದದ್ದು ಇಷ್ಟೇ. ಮೇಷ್ಟ್ರು ಗಿಟ್ಟಿಗೆ ಕೊಡುವ ಆ ಆದೇಶ ಕರ್ತೃವಿನ ಹೆಸರನ್ನು ಇಮೇಲಿನ ‘ಇಂದ’ ಎಂಬಲ್ಲಿಂದ ಎತ್ತಿಕೊಳ್ಳುತ್ತದೆ. ಇನ್ನೊಬ್ಬರ ಇಮೇಲಿನಿಂದ ಕಳಿಸುವವರು ಒಕ್ಕಣೆಯ ಮೊದಲ ಸಾಲಿನಲ್ಲಿ ‘ಇಂದ’ ಎಂದು ತಮ್ಮ ಹೆಸರು ಬರೆದರೆ ಸಾಕು, ಅದನ್ನೇ ಹಿಡಿಯುತ್ತದೆ. ಬಳಕೆಯ ಸೂಚನೆಗಳಲ್ಲಿ ಇದೂ ಇತ್ತು. ಆದರೆ ಕೆಲಸ ಆದಮೇಲೂ ಸೂಚನೆ ಓದುವವರು ಯಾರು?

ಈಗಲೇ ಮೇಷ್ಟ್ರಿಗೆ ನಿಜ ಬರೆಯುತ್ತೇನೆಂದು ಸೊಸೆ ಕೂತಳು. ಅತ್ತೆ ಕೀಲಿಮಣೆಯ ಮೇಲೆ ಕೈ ಅಡ್ಡ ಇಟ್ಟರು.

“ಬರೆದು ಹೇಳಿದ್ರೆ ಕಳ್ಳತನ ಅನ್ಸುತ್ತೆ, ಬಾಯಲ್ಲಿ ಹೇಳಿದ್ರೆ ತಮಾಷೆ ಅನ್ಸುತ್ತೆ. ನಾಳೆ ನಾನೇ ಹೇಳ್ತೀನಿ ಬಿಡು.”

“ಮರೀಬೇಡಿ ಅತ್ತೆ.”

“ಊರಿಗೆಲ್ಲ ಲೈನ್ ಕೊಟ್ಟೋಳು ಕಣೆ ನಾನು.”

ಮರುದಿನ ಸಂಜೆ ಅತ್ತೆ ಮದುವೆಮನೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಕೂತರು. ಸೊಸೆ ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಪಕ್ಕ ನೆಲದ ಮೇಲೆ. ಡಾಕ್ಟರು ನೀರಿನ ಲೋಟ ಹಿಡಿದು ಬಾಗಿಲಲ್ಲಿ. ಪರದೆಯ ಮೇಲೆ ಮೇಷ್ಟ್ರ ಹಣೆ ಮಾತ್ರ ಮೂಡಿತು. ಅದು ವಿಶಾಲವಾಗಿತ್ತು.

ಹಣೆ ಮೊದಲು ಹೊಗಳಿತು. ನಿಮ್ಮ ಕೆಲಸ ಬಲು ಅಚ್ಚುಕಟ್ಟು ಎಂದಿತು. ಮನೆಗೆ ಬಂದು ನೋಡಬೇಕು, ಒಂದು ಲೋಟ ಕೂಡ ಜಾಗ ತಪ್ಪಿರುವುದಿಲ್ಲ ಎಂದರು ಅತ್ತೆ. ಈ ವಯಸ್ಸಿನಲ್ಲಿ ಇಷ್ಟು ಹುರುಪು ಹೇಗೆ ಎಂದಿತು. ಬೆಳಿಗ್ಗೆ ಬೇಗ ಏಳುತ್ತೇನೆ ಎಂದರು. ಹಿಂದೆ ಎಲ್ಲಿದ್ದಿರಿ ಎಂದರೆ ಎಕ್ಸ್‌ಚೇಂಜಿನ ಕಥೆ ಶುರುವಾಯಿತು. ಒಬ್ಬ ಮಂತ್ರಿಯ ಲೈನಿಗೆ ಒಬ್ಬ ಕಟುಕನ ಲೈನು ಕೂಡಿಕೊಂಡು, ಇಬ್ಬರೂ ಬಹಳ ಹೊತ್ತು ಒಬ್ಬರಿಗೊಬ್ಬರು ಒಪ್ಪುತ್ತ ಮಾತಾಡಿದ ಕಥೆಗೆ ಹಣೆ ನೆರಿಗೆ ನೆರಿಗೆಯಾಗಿ ನಕ್ಕಿತು. ನೆಲದ ಮೇಲಿಂದ ಸೊಸೆ ಅತ್ತೆಯ ಸೀರೆಯ ನೆರಿಗೆ ಜಗ್ಗಿದಳು. ಅತ್ತೆ ಸೊಳ್ಳೆ ಕಚ್ಚಿತೆಂಬಂತೆ ಕಾಲು ಒದರಿ ಮುಂದುವರಿಸಿದರು. ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು.

“ಸಂತೋಷ,” ಎಂದರು ಮೇಷ್ಟ್ರು. “ಇವತ್ತೇ ಬೀಗದ ಕೈ ಕಳಿಸ್ತೀನಿ. ಒಂದೇ ಒಂದು ಪ್ರಶ್ನೆ. ಎರಡು ಗಂಟೆ ಒಂದೇ ನಿಮಿಷಕ್ಕೆ ಬಾರಿಸ್ಬೇಕಾಗಿ ಬಂದ್ರೆ ಚಿಕ್ಕದನ್ನ ತಡೆದು ನಿಲ್ಲಿಸಿದ್ದೀರಿ. ಯಾಕೆ?”

ಸೊಸೆ ನೆಲದಿಂದ ಮೂಕಾಭಿನಯಕ್ಕೆ ತೊಡಗಿದಳು. ಕೈಯಗಲಿಸಿ ದೊಡ್ಡದು ಎಂದಳು, ಬೆರಳು ಮಡಚಿ ಚಿಕ್ಕದು ಎಂದಳು, ಅಂಗೈ ಒಡ್ಡಿ ನಿಲ್ಲು ಎಂದಳು.

“ಏನೇ ಅದು, ಆನೆನಾ?” ಎಂದುಬಿಟ್ಟರು ಅತ್ತೆ.

ಬಾಗಿಲಲ್ಲಿ ಡಾಕ್ಟರ ಬಾಯಲ್ಲಿದ್ದ ನೀರು ಗೋಡೆಗೆ ಹೋಯಿತು. ಸೊಸೆಗೆ ನಗು ಬರಲಿಲ್ಲ. ಅತ್ತೆ ಬಗ್ಗಿ ನೋಡಿದರು. ವರ್ಷವಿಡೀ ಪಕ್ಕದ ಕುರ್ಚಿಯಿಂದ ನೋಡಿದ್ದ ಮುಖವೇ ಅದು, ಉತ್ತರ ಬರುವ ಮುಂಚಿನದು. ಅವರು ಬೆನ್ನು ನೆಟ್ಟಗೆ ಮಾಡಿದರು. ಧ್ವನಿ ಸೇವಾವಧಿಯ ಧ್ವನಿಯಾಯಿತು.

“ಸ್ವಲ್ಪ ಲೈನಿನಲ್ಲಿರಿ. ಸಂಬಂಧಪಟ್ಟವರಿಗೆ ಕೊಡ್ತೀನಿ.”

ಕ್ಯಾಮೆರಾವನ್ನು ಹಿಡಿದು ನೆಲದ ಕಡೆ ತಿರುಗಿಸಿದರು.

ಸೊಸೆ ಕೂತಲ್ಲೇ ಎಲ್ಲ ಹೇಳಿದಳು. ಮುದಿ ಕಂಪ್ಯೂಟರು, ಮುರಿದ ಸಾಲು, ಓದದ ಸೂಚನೆ. ಆಮೇಲೆ ಗಂಟೆಗೆ ಬಂದಳು. ಎರಡೂ ಒಟ್ಟಿಗೆ ಬಾರಿಸಿದರೆ ಮಕ್ಕಳಿಗೆ ಅದು ಆಟದ ಬಿಡುವೋ ಬೆಂಕಿ ಬಿದ್ದದ್ದೋ ತಿಳಿಯದು, ಬೆಂಕಿಯ ಗಂಟೆ ಕಾಯಲಾರದು, ಆಟದ್ದು ಚಿಕ್ಕದು, ಕಾಯಬಹುದು ಎಂದಳು. ನೀವು ಮೊದಲು ಬರೆದಿದ್ದ ರೀತಿಯೇ ತಪ್ಪು ಎಂದಳು. ಅಲ್ಲಿಗೆ ನಿಲ್ಲಿಸದೆ ಇನ್ನೂ ಮೂರು ಕಡೆ ತಪ್ಪಿದೆ ಎಂದಳು. ಹಣೆ ಮೆಲ್ಲಗೆ ಮೇಲೇರಿ ಮೊದಲ ಬಾರಿಗೆ ಎರಡು ಕಣ್ಣು ಕಂಡವು.

“ಹೌದಮ್ಮ, ತೇಪೆ ನಿಮ್ಮದೇ,” ಎಂದರು ಮೇಷ್ಟ್ರು. “ತೇಪೆ ಜೊತೆ ಇಷ್ಟುದ್ದ ಜಗಳ ಇಮೇಲಲ್ಲಿ ನೀವೇ ಆಡ್ತಿದ್ದಿದ್ದು.”

ಚರಿತ್ರೆ ತಿದ್ದಲು ಬರುವುದಿಲ್ಲ, ಆದರೆ ಹೆಸರಿನ ಕಡತ ಒಂದಿದೆ ಎಂದರು. ಈ ವಿಳಾಸದಿಂದ ಬಂದದ್ದೆಲ್ಲ ನಿಜವಾಗಿ ಇಂಥವರದು ಎಂದು ಅದರಲ್ಲಿ ಒಂದು ಸಾಲು ಸೇರಿಸಿದರೆ ಮುಂದೆ ಎಲ್ಲ ಕಡೆ ಅವರದೇ ಹೆಸರು ಕಾಣುತ್ತದೆ. ಆ ಸಾಲಿನ ತೇಪೆ ಕಳಿಸಿ, ಅಂಟಿದ ಕೂಡಲೇ ಬೀಗದ ಕೈ ನಿಮ್ಮದು.

ಸೊಸೆ ಸಡಗರದಲ್ಲಿ ಕೈಗೆ ಸಿಕ್ಕ ಕಂಪ್ಯೂಟರಿನಿಂದಲೇ ಕಳಿಸಿದಳು. ಅದು ಕಚೇರಿಯದು. ‘ಅಂಟಲಿಲ್ಲ’ ಎಂದು ಬಂತು. ಮೂವರೂ ನಕ್ಕ ನಗುವಿಗೆ ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು. ಮುದಿ ಕಂಪ್ಯೂಟರಿನ ಮುಂದೆ ಅತ್ತೆಯೇ ಬೆರಳಿಟ್ಟು ಮೊದಲ ಸಾಲು ತೋರಿಸಿದರು. ‘ಇಂದ’ ಎಂದು ಸೊಸೆಯ ಹೆಸರು ಬಿತ್ತು. ಅಂಟಿತು. ಈ ಸಲ ಮಂಚ ಹತ್ತಿದವರು ಇಬ್ಬರು. ದಿಂಬು ಎತ್ತಿಕೊಂಡು ಜಾಗ ಮಾಡಿಕೊಟ್ಟವನು ಡಾಕ್ಟರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಗೆ ಮಂಚದ ಒಂದು ಕಾಲು ಬಲಿಯಾಯಿತು.

ಅತ್ತೆಗೆ ಮಾತ್ರ ಕೀರ್ತಿಯ ರುಚಿ ಹತ್ತಿಹೋಗಿತ್ತು. ಒಂದು ವಾರ ಸೊಸೆಯ ಬೆನ್ನು ಹತ್ತಿ ತೇಪೆ ಹೊಲಿಯುವುದನ್ನು ಕಲಿತರು. ಚಿಕ್ಕ ಗಂಟೆ ಕಾಯುವಾಗ ಪರದೆಯ ಮೇಲೆ ‘ಸ್ವಲ್ಪ ಲೈನಿನಲ್ಲಿರಿ’ ಎಂದು ಬರಬೇಕು, ಅಷ್ಟೇ ಅವರ ತೇಪೆ. ಆದರೆ ತಮ್ಮ ವಿಳಾಸದಿಂದ ಹೋದದ್ದೆಲ್ಲ ಇನ್ನು ಸೊಸೆಯ ಖಾತೆಗೆ ಜಮೆಯಾಗುತ್ತದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮಗನ ಫೋನನ್ನು ಕಸಿದುಕೊಂಡು, ಮೊದಲ ಸಾಲಿನಲ್ಲಿ ‘ಇಂದ’ ಎಂದು ತಮ್ಮ ಹೆಸರನ್ನು ತಪ್ಪದೆ ಬರೆದು, ಪಕ್ಕದ ಕೋಣೆಯಲ್ಲಿದ್ದ ಬೀಗದ ಕೈಯ ಒಡತಿಗೆ ಕಳಿಸಿ ಕಿವಿಗೊಟ್ಟು ಕೂತರು.

ಫೋನು ಉದ್ದ ಸಾಲನ್ನು ನಡುವೆ ಮುರಿದಿತ್ತು. ಸೊಸೆ ಆದೇಶ ಕೊಟ್ಟಳು, ನೋಡಿದಳು, ಕಣ್ಣೊರೆಸಿಕೊಂಡು ನಕ್ಕು ಮುಗಿಸಿದ ಮೇಲೆ ಒಂದು ಪದದ ಉತ್ತರ ಬರೆದಳು.

ಅಂಟಲಿಲ್ಲ.