ನೋಟದಿಂದ ಶೇಕಡಾ ಮೂವತ್ತಾರು

ನಂಜನಗೂಡಿನ ಬಜಾರಿನಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಂಜೇಶ್ ಒಂದು ಜಿಮ್ ಇಟ್ಟಿದ್ದ. ಡಂಬೆಲ್ ಎತ್ತಲು ಬರುವವರು ಯೂರಿಯಾ ಮೂಟೆಗಳನ್ನು ದಾಟಿಕೊಂಡು ಮೆಟ್ಟಿಲು ಹತ್ತಬೇಕಿತ್ತು. ಬರುತ್ತಿದ್ದವರೆಲ್ಲ ಗಂಡಸರು. ಅವರಲ್ಲೂ ಅರ್ಧದಷ್ಟು ಜನ ಮದುವೆ ಗೊತ್ತಾದ ಮೇಲೆ ಸೇರಿ, ಮದುವೆ ಮುಗಿದ ಮಾರನೆಯ ದಿನದಿಂದ ತಪ್ಪಿಸಿಕೊಳ್ಳುವವರು. ಹೆಂಗಸರದೊಂದು ಬ್ಯಾಚು ಮಾಡಿದರೆ ಮಾತ್ರ ಜಿಮ್ ಉಳಿಯುತ್ತದೆ ಎಂದು ಎದುರಿನ ಬೇಕರಿಯ ಶಿವಸ್ವಾಮಿ ಅವನ ತಲೆಗೆ ತುಂಬಿದ.

ಆದರೆ ನಂಜೇಶ್ ಹೆಂಗಸರ ಮುಖ ನೋಡಿ ಮಾತಾಡಬಲ್ಲ ಗಂಡಸಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹುಡುಗಿ ನಿಂತಿದ್ದರೆ ಮಾತ್ರೆ ಕೇಳದೆ, ತಲೆನೋವನ್ನು ಹಾಗೆಯೇ ಮನೆಗೆ ವಾಪಸು ತರುತ್ತಿದ್ದ.

ಅಂಥವನು ಮೈಸೂರಿನಲ್ಲಿ ಯಾರೋ ನಡೆಸಿದ ತರಬೇತಿಗೆ ಹೋದ. ಅಲ್ಲಿ ಕಲಿಸಿದ್ದು, ಹೆಂಗಸರ ದೇಹದಲ್ಲಿ ಶೇಕಡಾ ಎಷ್ಟು ಕೊಬ್ಬಿದೆ ಎಂಬುದನ್ನು ಬರಿಗಣ್ಣಿನಿಂದ ನೋಡಿ ಹೇಳುವ ವಿದ್ಯೆ. ಕತ್ತಲೆ ಕೋಣೆಯ ಪರದೆಯ ಮೇಲೆ ಫೋಟೋಗಳು ಒಂದಾದ ಮೇಲೊಂದು ಬಂದವು. ಬಿಗಿ ಬಟ್ಟೆ ತೊಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ ಯಾವುದೋ ದೇಶದ ಹೆಂಗಸರು. ಎಲ್ಲ ಫೋಟೋಗಳನ್ನೂ ಕುತ್ತಿಗೆಯ ಹತ್ತಿರ ಕತ್ತರಿಸಿದ್ದರು. ಯಾರಿಗೂ ಮುಖವಿರಲಿಲ್ಲ. ನಂಜೇಶನಿಗೆ ಇದರಿಂದ ಎಷ್ಟು ನಿರಾಳವಾಯಿತೆಂದರೆ, ಅವನು ಪಟಪಟನೆ ಹದಿನೆಂಟು, ಇಪ್ಪತ್ತೈದು, ಮೂವತ್ತೆರಡು ಎಂದು ಹೇಳುತ್ತಾ ಹೋಗಿ ಇಡೀ ತರಬೇತಿಗೇ ಮೊದಲಿಗನಾದ. ಊರಿಗೆ ಬಂದವನೇ ಜಿಮ್ಮಿನ ಮುಂದೆ ಬೋರ್ಡು ಬರೆಸಿದ: ‘ಮಹಿಳೆಯರ ದೇಹದ ಫ್ಯಾಟ್ ಪರ್ಸೆಂಟೇಜನ್ನು ನೋಟ ಮಾತ್ರದಿಂದ ಹೇಳಲಾಗುವುದು.’

“ಒದೆ ತಿಂತೀಯ ಕಣ್ಲಾ,” ಎಂದ ಶಿವಸ್ವಾಮಿ.

ಒದೆ ಬೀಳಲಿಲ್ಲ. ಒಬ್ಬ ಹೆಂಗಸೂ ಬರಲಿಲ್ಲ. ಬೋರ್ಡಿನ ಸುದ್ದಿ ಮಾತ್ರ ಬಸ್ಸು ಹತ್ತಿ ನಂಜೇಶನ ಊರಾದ ಹೆಮ್ಮರಗಾಲಕ್ಕೆ ಹೋಯಿತು. ಅಲ್ಲಿ ಅವನ ತಾಯಿ ರುದ್ರಮ್ಮ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಒಂದು ಸಂಜೆ ಮಗ ಬೈಕು ನಿಲ್ಲಿಸುವುದಕ್ಕೂ ಬಿಡದೆ ಕೇಳಿದಳು.

“ಏನ್ಲಾ ಅದು? ಎಂಗಸ್ರ ಫ್ಯಾಟು ಯೋಳ್ತೀನಿ ಅಂತ ಬೋರ್ಡ್ ಆಕಿದ್ದೀಯಂತೆ? ಡೈರಿ ತಾವೆಲ್ಲ ಅದೇ ಮಾತು.”

“ಅದು ಸೈನ್ಸ್ ಕಣವ್ವ. ಮೈಸೂರ್ನಲ್ಲಿ ಕಲ್ತ್ಕಂಡ್ ಬಂದಿದ್ದೀನಿ.”

“ಅಂಗಾದ್ರೆ ನಂದೆಷ್ಟು ಯೋಳು ನೋಡವ.”

ಹೆತ್ತ ತಾಯಿಯನ್ನು ಆ ದೃಷ್ಟಿಯಿಂದ ನೋಡುವುದು ಹೇಗೆಂದು ತಿಳಿಯದೆ ನಂಜೇಶ್ ಅವಳ ಮೊಣಕೈಯನ್ನು ದಿಟ್ಟಿಸಿದ. “ಮೂವತ್ತೊಂಬತ್ತು,” ಎಂದ.

ರುದ್ರಮ್ಮ ಕೈಯಲ್ಲಿದ್ದ ಹಿಂಡಿಯ ಬುಟ್ಟಿಯನ್ನು ಕೆಳಗಿಟ್ಟಳು. “ಮೂವತ್ತೊಂಬತ್ತಾ! ನಮ್ಮ ಕೆಂದಸ ಇಷ್ಟೆಲ್ಲ ತಿಂದ್ರೂ ಆಲಿನ ಫ್ಯಾಟು ನಾಕು ದಾಟಿಲ್ವಲ್ಲೋ!”

“ಅವ್ವ, ಇದ್ರಲ್ಲಿ ಜಾಸ್ತಿ ಬಂದ್ರೆ ಒಳ್ಳೇದಲ್ಲ ಕಣವ್ವ.”

“ಸುಮ್ಕಿರು. ಫ್ಯಾಟು ಜಾಸ್ತಿ ಬಂದ್ರೆ ಒಳ್ಳೇದಲ್ಲ ಅಂತ ಯಾವ ಡೈರಿಯೋನ್ಲಾ ಅಂದವ್ನೆ?”

ಡೈರಿಯಲ್ಲಿ ಫ್ಯಾಟು ಜಾಸ್ತಿ ಬಂದ ಹಾಲಿಗೆ ಜಾಸ್ತಿ ರೇಟು, ಕಮ್ಮಿ ಬಂದರೆ ಕ್ಯಾನು ವಾಪಸು. ಆ ಊರಿನ ಹೆಂಗಸರೆಲ್ಲ ದಿನಕ್ಕೆರಡು ಸಲ ಕಣ್ಣಾರೆ ಕಾಣುತ್ತಿದ್ದ ಸತ್ಯ ಅದು. ಮಾರನೆಯ ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ ರುದ್ರಮ್ಮ ತನ್ನ ಫ್ಯಾಟನ್ನು ಎಲ್ಲರಿಗೂ ಸಾರಿದಳು. ಕ್ಯಾನು ಖಾಲಿಯಾದ ಮೇಲೆ ಸಾಲು ಚದುರದೆ ಹಾಗೆಯೇ ನಡೆದು ಬಂದು ನಂಜೇಶನ ಮನೆಯ ಜಗಲಿಯ ಮುಂದೆ ನಿಂತಿತು.

ನಂಜೇಶ್ ತಲೆ ಎತ್ತದೆ, ಒಂದೊಂದು ಮೊಣಕೈಯನ್ನೂ ನೋಡಿ ಒಂದೊಂದು ಅಂಕಿ ಹೇಳಿದ. ಜಾಸ್ತಿ ಬಂದವರು ಸೆರಗು ಸರಿಮಾಡಿಕೊಂಡು ಹಿಗ್ಗಿನಿಂದ ಹೋದರು. ಅಂಗನವಾಡಿಯ ಕೋಮಲಳಿಗೆ ಇಪ್ಪತ್ತೆರಡು ಎಂದಾಗ ಅವಳ ಕಣ್ಣಲ್ಲಿ ನೀರು ಬಂತು.

“ಇಪ್ಪತ್ತೆಲ್ಡಾ? ನಾನೇನು ನೀರು ಬೆರೆಸ್ಕಂಡು ಬಂದಿದ್ದೀನಾ?”

“ಅಯ್ಯೋ, ಇಲ್ಲ ಕಣಕ್ಕ. ಇಪ್ಪತ್ತೆರಡು ಭಾರಿ ಚೆನ್ನಾಗೈತೆ.”

“ಚೆನ್ನಾಗಿದ್ರೆ ನಿಮ್ಮವ್ವುಂಗೇ ಕೊಡು ಅದ್ನ. ಇನ್ನೊಂದ್ಸಲ ನೋಡು.”

ಇನ್ನೊಂದು ಸಲ ನೋಡಿ ಅವನು ಇಪ್ಪತ್ತೊಂಬತ್ತು ಎಂದ. ಅಲ್ಲಿಂದಾಚೆಗೆ ಊರಿನ ಲೆಕ್ಕಾಚಾರವೇ ಬದಲಾಯಿತು. ಅತ್ತೆಯಂದಿರು ಫ್ಯಾಟು ಕಮ್ಮಿ ಬಂದ ಸೊಸೆಗೆ ಎದುರಿಗೇ ಕೂರಿಸಿಕೊಂಡು ಬೆಣ್ಣೆ ತಿನ್ನಿಸಿದರು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮೂವತ್ತೈದರ ಮೇಲಿನವರಿಗೆ ಕುರ್ಚಿ, ಉಳಿದವರಿಗೆ ಚಾಪೆ ಎಂದು ತೀರ್ಮಾನವಾಯಿತು. ನಂಜೇಶ್ ವಿಷಯವನ್ನು ತಿಳಿಸಿ ಹೇಳಲು ಮತ್ತೆ ಮತ್ತೆ ಬಾಯಿ ತೆರೆದ. ಆದರೆ ಹುಟ್ಟಿದಂದಿನಿಂದ ಯಾವ ಹೆಂಗಸೂ ಅವನೊಡನೆ ಇಷ್ಟು ಮಾತಾಡಿರಲಿಲ್ಲ. ಈಗ ದಾರಿಯಲ್ಲಿ ಸಿಕ್ಕವರೆಲ್ಲ ನಿಂತು, “ನಂಜೇಶಪ್ಪ, ಚೆಂದಾಗಿದ್ದೀಯಾ?” ಎನ್ನುತ್ತಿದ್ದರು. ಆ ಸುಖಕ್ಕೆ ಅವನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಊರಿಗೆಲ್ಲ ಹೆಚ್ಚು ಬಂದಿದ್ದು ಗೋವಿಂದಮ್ಮನಿಗೆ, ನಲವತ್ತೊಂದು. ಅವಳ ಮಗ ಹೇಮಂತ್ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರು. ಗುಂಡುಗುಂಡಗೆ, ನಗುಮುಖದ ಹುಡುಗ. ಅವನಿಗೆ ಟಿ. ನರಸೀಪುರದಲ್ಲಿ ಹೆಣ್ಣು ನೋಡಲು ಹೋಗಬೇಕಾಗಿ ಬಂದಾಗ ಗೋವಿಂದಮ್ಮ ನಂಜೇಶನನ್ನೂ ಹೊರಡಿಸಿದಳು.

“ನಮ್ಮನೆಗೆ ಬರೋ ಸೊಸೆ ಮೂವತ್ತಾದ್ರೂ ಇರ್ಬೇಕು ಕಣಪ್ಪ. ಅಲ್ಲಿ ಬಾಯ್ಬಿಟ್ಟು ಯೋಳಕ್ಕಾಗಕಿಲ್ಲ. ಮೂವತ್ತರ ಮ್ಯಾಕಿದ್ರೆ ಬೋಂಡ ತಿನ್ನು. ಕಮ್ಮಿ ಇದ್ರೆ ಕೈಲೂ ಮುಟ್ಬ್ಯಾಡ.”

“ಅಕ್ಕ, ನಂಗ್ಯಾಕೋ ಇದು ಸರಿ ಕಾಣಲ್ಲ.”

“ಬೋಂಡ ತಿನ್ನಾದ್ರಲ್ಲಿ ಸರಿ ಏನು, ತಪ್ಪೇನು?”

ಸ್ನೇಹಿತನ ಓಮ್ನಿ ತಂದು ಹೇಮಂತನೇ ಓಡಿಸಿದ. ಸುತ್ತೂರು ದಾಟುವ ಹೊತ್ತಿಗೆ ನಂಜೇಶನ ಅಂಗೈಯೆಲ್ಲ ಬೆವರಿ, ಪ್ಯಾಂಟಿನ ತೊಡೆಯ ಮೇಲೆ ಎರಡು ಒದ್ದೆ ಗುರುತು ಮೂಡಿತ್ತು.

ಹುಡುಗಿಯ ಮನೆ ಹೊಳೆಯ ಕಡೆಗಿನ ಬೀದಿಯಲ್ಲಿ. ತಂದೆ ಚೆಲುವಯ್ಯ, ರಿಟೈರಾದ ಕಂಡಕ್ಟರು. ಅಜ್ಜಿ ಮುತ್ತಮ್ಮ, ಒಣಗಿದ ನುಗ್ಗೆಕಾಯಿಯಂತೆ ಸಣ್ಣಗೆ, ಗೋಡೆಗೊರಗಿ ಕೂತಿದ್ದಳು. ಹುಡುಗಿಯ ಹೆಸರು ಅರ್ಪಿತ, ತಾಲ್ಲೂಕಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಕಾಫಿ, ಬೋಂಡದ ತಟ್ಟೆ ಹಿಡಿದು ಅವಳು ಹೊರಬಂದಾಗ ನಂಜೇಶ್ ಅಭ್ಯಾಸದಂತೆ ಮೊಣಕೈ ಹುಡುಕಿದ. ಅವಳು ತೊಟ್ಟಿದ್ದು ಮಣಿಕಟ್ಟಿನವರೆಗೆ ಬರುವ ತುಂಬು ತೋಳಿನ ರವಿಕೆ. ಮೊಣಕೈ ಎಲ್ಲಿಯೂ ಸಿಗದೆ ಅವನ ಕಣ್ಣು ತೋಳಿನ ಗುಂಟ ಮೇಲೆ ಹತ್ತಿ ಹತ್ತಿ ಕೊನೆಗೆ ಮುಖಕ್ಕೆ ಹೋಗಿ ಮುಟ್ಟಿತು. ಆ ಮುಖ ಅವನನ್ನೇ ನೋಡುತ್ತಿತ್ತು.

“ಇವ್ರು ಯಾರು?” ಎಂದು ಅರ್ಪಿತ ಕೇಳಿದಳು.

ಗಾಬರಿಯಲ್ಲಿ ನಂಜೇಶ್ ಒಂದು ಬೋಂಡ ಎತ್ತಿ ಬಾಯಿಗಿಟ್ಟ. ಗೋವಿಂದಮ್ಮನ ಮುಖ ಅರಳಿತು. ಕಚ್ಚಿದ ಮೇಲೆ ಅವನಿಗೆ ಬೋಂಡದ ಅರ್ಥ ನೆನಪಾಯಿತು. ಅರ್ಧವನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟ. ಗೋವಿಂದಮ್ಮನ ಮುಖ ಬಾಡಿತು. ತಡೆಯಲಾರದೆ ಗಟ್ಟಿಯಾಗಿಯೇ ಕೇಳಿಬಿಟ್ಟಳು:

“ಅರ್ಧ ತಿಂದ್ರೆ ಎಷ್ಟಪ್ಪ?”

“ಏನು ಎಷ್ಟು?” ಎಂದಳು ಅರ್ಪಿತ.

ಹೇಮಂತ್ ಕಾಫಿಯ ಲೋಟ ಕೆಳಗಿಟ್ಟು, “ನಿಮ್ಮ ಮೈನಲ್ಲಿರೋ ಫ್ಯಾಟು. ಇವ್ರು ನೋಡೇ ಹೇಳ್ತಾರೆ. ಮೂವತ್ತಕ್ಕೆ ಮೇಲಿದ್ರೆ ನಮ್ಮವ್ವುಂಗೆ ಒಪ್ಪಿಗೆ,” ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಹೇಳುವಾಗ ಕಿವಿಯವರೆಗೂ ಕೆಂಪಾಗಿದ್ದ.

ಚೆಲುವಯ್ಯ ದಡಕ್ಕನೆ ಎದ್ದು ನಿಂತ. “ಏನ್ರೀ ಇದು! ಸಂತೇಲಿ ದನ ನೋಡೋರೂ ಇಂಗ್ ಮಾಡಲ್ವಲ್ರೀ!”

“ಕೂತ್ಕಳ್ಲಾ ಚೆಲುವ,” ಎಂದಳು ಮುತ್ತಮ್ಮ. ಅವಳಿಗೆ ಬೇರೆಯದೇ ಚಿಂತೆ. “ನೋಡ್ಲಿ ಬುಡು. ಎಮ್ಮೆ ಆಲು ಕುಡ್ದು ಬೆಳ್ದಿರೋ ಮಗ. ನಮ್ದೇನು ಕಮ್ಮಿ ಬರಾಕಿಲ್ಲ.”

ಎಲ್ಲರೂ ನಂಜೇಶನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ, “ನಂಗೆ ಆಗ್ತಾ ಇಲ್ಲ ಕಣ್ರೀ,” ಎಂದ. “ಮೈಸೂರಲ್ಲಿ ತೋರ್ಸಿದ ಫೋಟೋದಲ್ಲಿ ಯಾರ್ಗೂ ಮುಖ ಇರ್ಲಿಲ್ಲ. ಇವ್ರು ನನ್ನೇ ನೋಡ್ತಾವ್ರೆ.”

“ಅಷ್ಟೇಯಾ?” ಎಂದಳು ಗೋವಿಂದಮ್ಮ. “ಮಕ ಮುಚ್ಚುದ್ರಾಯ್ತಪ್ಪ!”

ಅರ್ಪಿತ ಸ್ವಲ್ಪ ಹೊತ್ತು ಗೋವಿಂದಮ್ಮನನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂಬುದು ಖಾತ್ರಿಯಾಯಿತು. “ಆಯ್ತು, ಮುಚ್ಕೋತೀನಿ,” ಎಂದಳು. “ಆದ್ರೆ ನನ್ನೊಬ್ಬಳನ್ನೇ ನಿಲ್ಸಿದ್ರೆ ನಾನೇ ಹುಡುಗಿ ಅಂತ ಗೊತ್ತಾಗಿ ಜಾಸ್ತಿ ಹೇಳ್ಬಿಡ್ತಾರೆ. ಜೊತೆಗೆ ಇನ್ನಿಬ್ರು ನಿಲ್ಲಲಿ. ಯಾರು ಯಾರು ಅಂತ ಅವ್ರಿಗೆ ತಿಳೀಬಾರ್ದು. ನೀವೆಲ್ಲ ಆಚೆ ಹೋಗಿ.”

ಪರೀಕ್ಷೆ ಕಟ್ಟುನಿಟ್ಟಾಗಿದ್ದಷ್ಟೂ ಒಳ್ಳೆಯದೆಂದು ಗೋವಿಂದಮ್ಮ ಒಪ್ಪಿದಳು. ಅವಳು, ಚೆಲುವಯ್ಯ, ನಂಜೇಶ್ ಜಗಲಿಗೆ ಬಂದರು. ಹೇಮಂತ್ ಹಿಂದಿನ ಬಾಗಿಲಿನಿಂದ ಕೈ ತೊಳೆಯಲು ಹೋದ ಎಂದು ಒಳಗಿನಿಂದ ಮುತ್ತಮ್ಮ ಕೂಗಿ ಹೇಳಿದಳು. ಬೀರು ತೆಗೆದ ಸದ್ದು, ಯಾರೋ ನಗು ತಡೆದುಕೊಂಡ ಸದ್ದು. ಆಮೇಲೆ ಕರೆ ಬಂತು.

ನಡುಮನೆಯಲ್ಲಿ ಮೂರು ಆಕೃತಿಗಳು ಸಾಲಾಗಿ ನಿಂತಿದ್ದವು. ನೆತ್ತಿಯಿಂದ ಹಿಮ್ಮಡಿಯವರೆಗೆ ಹೂಹೂವಿನ ಬೆಡ್‌ಶೀಟು. ಫ್ಯಾನಿನ ಗಾಳಿಗೆ ಬೆಡ್‌ಶೀಟುಗಳು ಅಲ್ಲಾಡುತ್ತಿದ್ದವು. ಒಂದು ಮುಖವೂ ಕಾಣದ್ದರಿಂದ ನಂಜೇಶನಿಗೆ ಮೈಸೂರಿನ ಆ ಕತ್ತಲೆ ಕೋಣೆಗೆ ಮರಳಿ ಬಂದಂತಾಯಿತು. ಅವನ ಬೆನ್ನು ನೆಟ್ಟಗಾಯಿತು, ದನಿ ಬಿಗಿಯಾಯಿತು. ಕೈ ಹಿಂದೆ ಕಟ್ಟಿಕೊಂಡು ಸಾಲಿನ ಮುಂದೆ ಒಮ್ಮೆ ನಡೆದ.

“ಇದು ಇಪ್ಪತ್ನಾಲ್ಕು. ಇದು ಇಪ್ಪತ್ತೊಂಬತ್ತು.” ಮೂರನೆಯದರ ಮುಂದೆ ಬಹಳ ಹೊತ್ತು ನಿಂತು ತಲೆ ತೂಗಿದ. “ಇದು ಮೂವತ್ತಾರು. ಹೆಂಗಸರಲ್ಲಿ ಇಂಥ ಮೈಕಟ್ಟು ಅಪರೂಪ. ಇದೇ ಹುಡುಗಿ.”

“ಮೂವತ್ತಾರು!” ಗೋವಿಂದಮ್ಮ ಒಂದು ಬೋಂಡ ಎತ್ತಿ ನಂಜೇಶನ ಬಾಯಿಗೆ ತುರುಕಿದಳು. ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಭರಣಿಯನ್ನು ತೆಗೆದುಕೊಂಡು ಹೋಗಿ, “ಬಾ ನನ್ನವ್ವ, ನಮ್ಮನೆ ಲಕ್ಷ್ಮಿ,” ಎನ್ನುತ್ತ ಬೆಡ್‌ಶೀಟಿನ ಒಳಕ್ಕೆ ಕೈ ಹಾಕಿ ಹಣೆಗೆ ಇಟ್ಟಳು. ಕೈ ಹಿಂದಕ್ಕೆಳೆಯುವಾಗ ಬೆರಳಿಗೆ ಮೀಸೆ ತಾಗಿತು.

ಬೆಡ್‌ಶೀಟು ಜಾರಿದಾಗ ಕುಂಕುಮ ಇಟ್ಟುಕೊಂಡು ಹೇಮಂತ್ ನಿಂತಿದ್ದ. “ಅವ್ವ, ಉಸ್ರು ಕಟ್ತಿತ್ತು ಕಣವ್ವ,” ಎಂದ.

ಮೊದಲನೆಯ ಬೆಡ್‌ಶೀಟಿನಿಂದ ಮುತ್ತಮ್ಮ ಸಿಡಿದು ಹೊರಬಂದಳು. “ನಂಗೆ ಇಪ್ಪತ್ನಾಕೇ? ಕಣ್ಣೈತಾ ನಿಂಗೆ?” ನಡುವಿನದರಿಂದ ಅರ್ಪಿತ ಹೊರಬಂದು ಬೆಡ್‌ಶೀಟನ್ನು ಮಡಿಸತೊಡಗಿದಳು. ಚೆಲುವಯ್ಯ ತಲೆ ಮೇಲೆ ಕೈ ಹೊತ್ತು ಕೂತ.

ನಂಜೇಶನ ಬಾಯಿ ತುಂಬ ಬೋಂಡ. ಅದನ್ನು ನುಂಗುವುದಕ್ಕೂ ಉಗುಳುವುದಕ್ಕೂ ಆಗದೆ ಅವನ ಕಣ್ಣಲ್ಲಿ ನೀರು ಬಂತು. ಕಷ್ಟಪಟ್ಟು ನುಂಗಿ ಅರ್ಪಿತಳ ಮುಖವನ್ನೇ ನೋಡಿದ. “ನಂಗೆ ಏನೂ ಗೊತ್ತಿಲ್ಲ ಕಣ್ರೀ. ಯಾರ್ದೂ ಗೊತ್ತಾಗಲ್ಲ. ಇಷ್ಟು ದಿನ ಬಾಯಿಗೆ ಬಂದಿದ್ದು ಹೇಳ್ತಿದ್ದೆ.”

“ಕಾಫಿ ಆರೋಗುತ್ತೆ, ಕುಡೀರಿ,” ಎಂದಳು ಅರ್ಪಿತ.

ಜಗಳವಾಗುತ್ತದೆ ಎಂದುಕೊಂಡಿದ್ದವರಿಗೆ ಆಶ್ಚರ್ಯವಾಗುವಂತೆ ಗೋವಿಂದಮ್ಮ ಚೇತರಿಸಿಕೊಂಡಳು. ಮೂವತ್ತಾರು ಯಾರದ್ದಾದರೇನು, ತನ್ನ ಮನೆಯದೇ ತಾನೆ? ಸಾಕಿದವಳು ತಾನೇ ತಾನೆ? ಅವಳು ಸೆರಗು ಎಳೆದುಕೊಂಡು ಕೂತಳು. ಅತ್ತ ಮುತ್ತಮ್ಮ ಮಗನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ, “ಗಂಡು ಮೂವತ್ತಾರೈತೆ ಕಣ್ಲಾ. ಇಂತಾದ್ದು ಮತ್ತೆ ಸಿಗಾಕಿಲ್ಲ, ಒಪ್ಕೊಂಬುಡು,” ಎಂದಳು.

ಹೊರಡುವ ಮೊದಲು ಅರ್ಪಿತ ಹೇಮಂತನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದಳು. “ನಾನು ಬೆಡ್‌ಶೀಟ್ ಕೊಟ್ಟ ತಕ್ಷಣ ಹೊದ್ಕೊಂಡ್ರಲ್ಲ, ಯಾಕೆ?”

“ನೀವೊಬ್ರೇ ಹಂಗೆ ನಿಂತ್ಕೊಳ್ಳೋದು ನೋಡಕ್ಕಾಗ್ತಿರ್ಲಿಲ್ಲ,” ಎಂದ ಹೇಮಂತ್.

ಮುಂದಿನ ದಿನಗಳಲ್ಲಿ ಅವರಿಬ್ಬರೂ ಫೋನಿನಲ್ಲಿ ಮಾತಾಡಿದರು, ಒಂದೆರಡು ಸಲ ಹೊಳೆಯ ದಂಡೆಯಲ್ಲಿ ಕೂತು ಕಡಲೆಕಾಯಿ ತಿಂದರು. ಕಾರ್ತಿಕ ಕಳೆದ ಮೇಲೆ ಮದುವೆಯಾಯಿತು. ಹೇಮಂತನ ಫ್ಯಾಕ್ಟರಿಗೆ ಹತ್ತಿರವೆಂದು ನಂಜನಗೂಡಿನಲ್ಲೇ ಮನೆ ಮಾಡಿದರು.

ನಂಜೇಶ್ ಟಿ. ನರಸೀಪುರದಿಂದ ಬಂದ ದಿನವೇ ಬೋರ್ಡನ್ನು ಇಳಿಸಿದ್ದ. ಆಮೇಲೆ ಹೆಮ್ಮರಗಾಲದ ಜಗಲಿಯ ಮೇಲೆ ನಿಂತು, ತಾನು ಹೇಳಿದ ಅಂಕಿಗಳೆಲ್ಲ ಸುಳ್ಳೆಂದು ಸಾರಿದ. ಜನ ಒಪ್ಪಲಿಲ್ಲ. “ನಮ್ಗೆ ಬಂದಿರೋದ್ನ ವಾಪಸ್ ತಗಳಕ್ಕೆ ನೀನ್ಯಾರ್ಲಾ?” ಎಂದು ಎಲ್ಲರಿಗಿಂತ ಮೊದಲು ಎದ್ದವಳು ರುದ್ರಮ್ಮ. ಅವಳ ಮೂವತ್ತೊಂಬತ್ತು ಹಾಗೆಯೇ ಉಳಿಯಿತು. ಚಾಪೆಯ ಮೇಲೆ ಕೂರುತ್ತಿದ್ದ ಕೋಮಲ ಮಾತ್ರ ಅಂದೇ ಸಂಘದ ಸಭೆಗೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕೂತಳು.

ಹೆಂಗಸರ ಬ್ಯಾಚು ಶುರುವಾದದ್ದು ಅರ್ಪಿತಳಿಂದ. ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂತು ಅವಳಿಗೆ ಬೆನ್ನುನೋವು. ಬೀದಿಯ ಏಳೆಂಟು ಹೆಂಗಸರನ್ನು ಒಟ್ಟುಮಾಡಿಕೊಂಡು ಅವಳು ಯೂರಿಯಾ ಮೂಟೆ ದಾಟಿ ಮೇಲೆ ಬಂದಳು. ಒಂದೇ ಷರತ್ತು: ನಂಜೇಶ್ ಗೋಡೆಯ ಕಡೆ ಮುಖ ಮಾಡಿ ಕೂತು ಕಲಿಸಬೇಕು. ಅವನು ಸಂತೋಷದಿಂದ ಒಪ್ಪಿದ. ಗೋಡೆ ತುಂಬ ಕನ್ನಡಿಯಿದ್ದುದರಿಂದ ಅದಕ್ಕೆ ಹಳೆಯ ಪೇಪರು ಅಂಟಿಸಿದ. ಈಗ ಅವನು ಸ್ಟೂಲಿನ ಮೇಲೆ ಕೂತು, ಎಂದೋ ಮುಗಿದುಹೋದ ಪಂಚಾಯ್ತಿ ಚುನಾವಣೆಯ ಸುದ್ದಿ ಓದುತ್ತಲೇ, “ಉಸಿರು ಬಿಡಿ, ಮಂಡಿ ಬಗ್ಗಿಸಿ,” ಎನ್ನುತ್ತಾನೆ. ಬೆನ್ನ ಹಿಂದಿನವರೊಡನೆ ಅವನಿಗೆ ಸಂಕೋಚವಿಲ್ಲ. ನಗಿಸುತ್ತಾನೆ ಕೂಡ.

ಹೆಮ್ಮರಗಾಲದಿಂದ ಬಸ್ಸಿನಲ್ಲಿ ಗೋವಿಂದಮ್ಮನೂ ಬರುತ್ತಾಳೆ. ನಲವತ್ತೊಂದನ್ನು ಐವತ್ತು ಮಾಡಬೇಕೆಂಬುದು ಅವಳ ಆಸೆ. ಸೊಸೆ ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟಿದ್ದಾಳೆ. ಮೊನ್ನೆ ಗೋವಿಂದಮ್ಮ ಎತ್ತಿದ ಡಂಬೆಲ್ ಕೈಜಾರಿ ನೆಲಕ್ಕೆ ಬಿದ್ದು ಇಡೀ ಮಹಡಿ ಅದುರಿತು. ನಂಜೇಶ್ ತಿರುಗಲಿಲ್ಲ.

“ಯಾರ ಕಾಲ್ ಮೇಲೂ ಬೀಳ್ಲಿಲ್ಲ ತಾನೆ?” ಎಂದ ಗೋಡೆಗೆ.

“ಇಲ್ಲ ಕಣಪ್ಪ,” ಎಂದಳು ಗೋವಿಂದಮ್ಮ. “ಕೆಳ್ಗಡೆ ಗೊಬ್ರದಂಗ್ಡಿಯೋನು ಬಯ್ಕಂಡು ಮೆಟ್ಲತ್ತಿ ಬತ್ತಾವ್ನೆ. ಅವುನ್ನೂ ಗ್ವಾಡೆ ಕಡೀಕೆ ತಿರುಗ್ಸು.”