ಬಲಗಾಲಿನ ಹೆಬ್ಬೆರಳು

ಚೆನ್ನೈ ಅಂಬತ್ತೂರಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮುರಳೀಧರನೂ ದಿನೇಶನೂ ಒಂದೇ ಮೇಜಿನ ಎರಡು ಬದಿಗೆ ಕೂತು ತಪಾಸಣೆಯ ಕೆಲಸ ಮಾಡುತ್ತಿದ್ದರು. ಮುರಳಿಯ ಮನೆಯವರು ನಾಲ್ಕು ತಲೆಮಾರಿನಿಂದ ತ್ರಿಪ್ಲಿಕೇನಿನವರು. ಅವರ ಕನ್ನಡದಲ್ಲಿ ಅರ್ಧದಷ್ಟು ತಮಿಳು ಬೆರೆತುಹೋಗಿತ್ತು. ದಿನೇಶ ತಿಪಟೂರಿನವನು. ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು. ಮುರಳಿಯ ಮನೆಯಿಂದ ಮೂರು ಬೀದಿಯಾಚೆ, ಬ್ರಹ್ಮಚಾರಿಗಳೇ ತುಂಬಿದ್ದ ಒಂದು ಮ್ಯಾನ್ಶನ್ನಿನಲ್ಲಿ, ಬಾಡಿಗೆಯ ಕೋಣೆಯಲ್ಲಿ ಇದ್ದ. ಭಾನುವಾರ ಮಧ್ಯಾಹ್ನದ ಊಟ ಮಾತ್ರ ಮುರಳಿಯ ಮನೆಯಲ್ಲೇ. ಮುರಳಿಯ ತಾಯಿ ಅಮ್ಮಣ್ಣಿಗೆ ಅವನ ಮಾತು ಕೇಳುವುದೆಂದರೆ ಇಷ್ಟ. ತಮ್ಮ ಅಜ್ಜಿ ಆಡುತ್ತಿದ್ದ ಕನ್ನಡದಂತಿದೆ ಎಂದು, ಅವನು ಬೇಡವೆಂದರೂ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದರು.

ಜಲಪಾತಕ್ಕೆ ಹೋಗುವ ಯೋಚನೆ ಮುರಳಿಯದು. ಆಂಧ್ರದ ಗಡಿಯ ಬೆಟ್ಟಗಳಲ್ಲಿ ಒಂದು ಜಲಪಾತವಿದೆ, ಅದರ ಕೆಳಗಿನ ಮಡುವಿಗೆ ಬಂಡೆಯ ಮೇಲಿಂದ ಹಾರಬಹುದು ಎಂದು ಕಾರ್ಖಾನೆಯ ಹುಡುಗರು ತಿಂಗಳಿಂದ ಹೇಳಿಕೊಂಡು ತಿರುಗುತ್ತಿದ್ದರು. ಮುರಳಿಗೆ ಇಪ್ಪತ್ತೆಂಟು. ಮೆರೀನಾದ ಈಜುಕೊಳದಲ್ಲಿ ಈಜು ಕಲಿತಿದ್ದನೇ ಹೊರತು ಹೇಳಿಕೊಳ್ಳುವಂಥ ಸಾಹಸ ಒಂದನ್ನೂ ಮಾಡಿದವನಲ್ಲ. ಸೋಮವಾರ ಕ್ಯಾಂಟೀನಿನಲ್ಲಿ ತಾನೂ ಒಂದು ಮಾತು ಹೇಳಬೇಕು ಎನ್ನುವುದಷ್ಟೇ ಅವನ ಆಸೆ.

ಅದು ೨೦೦೩ರ ನವೆಂಬರ್. ವಾರವಿಡೀ ಮಳೆ ಹೊಡೆದು ಭಾನುವಾರ ಬೆಳಗ್ಗೆ ಬಿಸಿಲು ಬಿದ್ದಿತ್ತು. ಕೋಯಂಬೇಡಿನಿಂದ ಊತ್ತುಕೋಟೆಗೆ ಬಸ್ಸು, ಅಲ್ಲಿಂದ ಬೆಟ್ಟದ ಬುಡದವರೆಗೆ ಷೇರ್ ಆಟೋ. ಮುಂದೆ ಕಾಲುದಾರಿ. ದಾರಿಯೆಂದರೆ ಬರೀ ಕೆಸರು. ಕೆಂಪು ಜೇಡಿ ಮೊಣಕಾಲಿನವರೆಗೆ ಕಚ್ಚಿಕೊಳ್ಳುತ್ತಿತ್ತು. ಮುರಳಿಯ ಒಂದು ಚಪ್ಪಲಿ ಒಳಗೇ ಉಳಿದುಹೋಯಿತು. ಇನ್ನೊಂದನ್ನು ಅವನೇ ಬಿಸಾಡಿದ. ಇಬ್ಬರೂ ಜಾರಿ ಬಿದ್ದರು, ಒಬ್ಬರನ್ನೊಬ್ಬರು ಎಬ್ಬಿಸಿಕೊಂಡರು, ನಕ್ಕರು. ಮಡು ಸಿಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ನೀರು ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿತ್ತು. ದಿನೇಶ ಚಿಕ್ಕಂದಿನಿಂದ ತೋಟದ ಬಾವಿಗೆ ಧುಮುಕಿ ಬೆಳೆದವನು. ಅವನು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈ ಅದ್ದಿ, ಬಹಳ ಹೊತ್ತು ನೋಡಿದ.

"ಬೇಡ ಕಣೋ. ಮಳೇಲಿ ಏನೇನು ಕೊಚ್ಕೊಂಡು ಬಂದು ಕೂತಿದೆಯೋ. ತಳ ಕಾಣ್ತಿಲ್ಲ," ಎಂದ.

ಮುರಳಿ ಆಗಲೇ ಅಂಗಿ ಬಿಚ್ಚಿದ್ದ. ಎರಡಾಳೆತ್ತರದ ಬಂಡೆ ಹತ್ತಿ, ಯೋಚನೆ ಬರುವ ಮೊದಲೇ ಹಾರಿಬಿಟ್ಟ. ತಣ್ಣೀರು ಕಿವಿಯೊಳಗೆ ಗುಂಯ್‌ಗುಟ್ಟಿತು. ಮೇಲೆ ಬಂದಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಷ್ಟು ಖುಷಿಯನ್ನು ಅವನು ಆವರೆಗೆ ಕಂಡಿರಲಿಲ್ಲ. ಆ ಖುಷಿಯಲ್ಲೇ ಬಾಯಿಗೆ ಬಂದದ್ದನ್ನು ಹೇಳಿದ.

"ಬಾವಿಗೆ ಹಾರ್ತಿದ್ದೆ ಬಾವಿಗೆ ಹಾರ್ತಿದ್ದೆ ಅಂತ ಕಥೆ ವಿಡ್ತಿದ್ದೆಯಲ್ಲಡಾ! ಎಲ್ಲ ಸುಮ್ಮಾ ತಾನಾ, ಬರೀ ಬುರುಡೆ?"

ದಿನೇಶ ಎದ್ದು ನಿಂತ. ಅಂಗಿ ಮಡಚಿ ಕಲ್ಲಿನ ಮೇಲಿಟ್ಟು, ಮುರಳಿ ಹಾರಿದ ಬಂಡೆಯನ್ನು ದಾಟಿ ಅದರ ಮೇಲಿನದಕ್ಕೆ ಹತ್ತಿದ. ಅಲ್ಲಿ ಒಂದು ಗಳಿಗೆ ನಿಂತು, ಕಾಲು ಕೂಡಿಸಿ ನೆಟ್ಟಗೆ ಧುಮುಕಿದ.

ನೀರು ಚಿಮ್ಮಿದ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳಿಸಿತು. ದಿನೇಶ ಅಂಗಾತವಾಗಿ ತೇಲಿ ಬಂದ. ಕಣ್ಣು ತೆರೆದೇ ಇದ್ದವು. ಮುರಳಿ ಅವನ ಕಂಕುಳಿಗೆ ಕೈ ಕೊಟ್ಟು ಎಳೆದು ತಂದು ಚಪ್ಪಟೆ ಕಲ್ಲೊಂದರ ಮೇಲೆ ಮಲಗಿಸಿದ. ಕೆಳಗೆ ಕಲ್ಲಿತ್ತು ಎಂದು ದಿನೇಶ ಮೆಲ್ಲಗೆ ಹೇಳಿದ. ಸೊಂಟದಿಂದ ಕೆಳಗೆಲ್ಲ ಜುಮ್ಮೆನ್ನುತ್ತಿದೆ, ಕಾಲು ತನ್ನದೆನ್ನಿಸುತ್ತಿಲ್ಲ ಎಂದ. ಮುರಳಿ ಅವನ ಪಾದದ ಹತ್ತಿರ ಕೂತು, ಅಲುಗಿಸಿ ನೋಡು ಎಂದು ಗೋಗರೆದ. ದಿನೇಶ ಹಲ್ಲು ಕಚ್ಚಿದ. ಬಲಗಾಲಿನ ಹೆಬ್ಬೆರಳು ಒಂದು ಸಲ ಮಡಚಿತು, ಬಿಚ್ಚಿತು. ಮತ್ತೊಮ್ಮೆ ಮಡಚಿತು. ಮುರಳಿ ಅದನ್ನು ಕಣ್ಣಾರೆ ಕಂಡ.

"ನನ್ನ ಎತ್ತಬೇಡ," ಎಂದ ದಿನೇಶ. "ಹೋಗಿ ಜನ ಕರ್ಕೊಂಡು ಬಾ."

ಆ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕಟ್ಟಿ ಹನಿ ಶುರುವಾಯಿತು. ನೋಡುತ್ತಿದ್ದ ಹಾಗೆಯೇ ಮಡುವಿನ ನೀರು ಒಂದು ಗೇಣು ಏರಿ ಕಲ್ಲಿನ ಅಂಚನ್ನು ಮುಟ್ಟಿತು. ಊರಿಗೆ ಹೋಗಿ ಬರಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ನೀರು ಇವನನ್ನು ಎಳೆದುಕೊಂಡು ಹೋದರೆ? ಮುರಳಿ ಸ್ನೇಹಿತನ ಮಾತು ಕೇಳಲಿಲ್ಲ. ಅವನನ್ನು ಬೆನ್ನಿಗೆ ಹಾಕಿಕೊಂಡು, ಎರಡೂ ಕೈ ತನ್ನ ಕೊರಳಿಗೆ ಸುತ್ತಿಸಿ, ಕೆಸರಿನಲ್ಲಿ ಇಳಿಯತೊಡಗಿದ.

ದಿನೇಶ ನೋವಿಗೆ ನರಳುತ್ತಿದ್ದ. ಅರ್ಧ ಮೈಲಿ ಹೀಗೇ ಬಂದರು. ಒಂದು ಇಳಿಜಾರಿನಲ್ಲಿ ಮುರಳಿಯ ಬರಿಗಾಲು ಜಾರಿತು. ಇಬ್ಬರೂ ಬಿದ್ದರು. ದಿನೇಶನ ಸೊಂಟ ಒಂದು ಬೇರಿನ ಮೇಲೆ ಹೋಗಿ ಕೂತಿತು, ಅದರ ಮೇಲೆ ಮುರಳಿಯ ಮೈಭಾರವೆಲ್ಲ ಬಿತ್ತು. ಅದಾದಮೇಲೆ ದಿನೇಶ ನರಳುವುದನ್ನು ನಿಲ್ಲಿಸಿದ. ನೋವಾಗುತ್ತಿದೆಯಾ ಎಂದು ಕೇಳಿದರೆ, ಇಲ್ಲ, ಈಗ ಏನೂ ಇಲ್ಲ ಎಂದ.

ಕೊನೆಗೆ ಸೌದೆಗೆ ಬಂದಿದ್ದ ಇಬ್ಬರು ಗಂಡಸರು ಎದುರಾದರು. ಎರಡು ಗಳಕ್ಕೆ ಪಂಚೆ ಕಟ್ಟಿ ಡೋಲಿಯಂತೆ ಮಾಡಿ ಅವರೇ ಕೆಳಗಿಳಿಸಿದರು. ವ್ಯಾನು ಹಿಡಿದು ಪೋರೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬರುವಾಗ ಸಂಜೆಯಾಗಿತ್ತು.

ತುರ್ತು ವಾರ್ಡಿನ ಡಾಕ್ಟರು ಪಿನ್ನಿನಿಂದ ದಿನೇಶನ ಕಾಲುಗಳನ್ನು ಚುಚ್ಚಿ ನೋಡಿದರು. ಆಮೇಲೆ, ದಿನೇಶ ಅರೆಮಂಪರಿನಲ್ಲಿದ್ದುದರಿಂದ, ಮುರಳಿಯತ್ತ ತಿರುಗಿ ತಮಿಳಿನಲ್ಲಿ ಕೇಳಿದರು: ನೀರಿನಿಂದ ತೆಗೆದ ಮೇಲೆ ಇವರು ಕಾಲು ಅಲುಗಿಸಿದರಾ? ಒಂದು ಬೆರಳಾದರೂ?

ಮುರಳಿಯ ಮೈಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು.

"ಇಲ್ಲೆ ಡಾಕ್ಟರ್," ಎಂದ.

ಅಂದೇ ರಾತ್ರಿ ದಿನೇಶನಿಗೆ ಜ್ವರ ಬಂತು. ಮೂರನೆಯ ದಿನ ಆಪರೇಷನ್ ಆಯಿತು, ಆದರೂ ಕಾಲುಗಳು ಅಲುಗಲಿಲ್ಲ. ತಿಪಟೂರಿನಿಂದ ದಿನೇಶನ ತಾಯಿ ಪ್ರೇಮಮ್ಮ ಬಂದರು. ಸಣ್ಣಗಿನ ಹೆಂಗಸು, ತಮಿಳು ಒಂದು ಅಕ್ಷರ ಬಾರದು. ಬಂದವರೇ ಮುರಳಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನ್ನ ಮಗನನ್ನು ಬೆನ್ನ ಮೇಲೆ ಹೊತ್ತು ತಂದೆಯಲ್ಲಪ್ಪ, ಒಡಹುಟ್ಟಿದವರೂ ಮಾಡುವುದಿಲ್ಲ ಎಂದರು. ಕಾರ್ಖಾನೆಯಲ್ಲೂ ಅದೇ ಮಾತು. ಕ್ಯಾಂಟೀನಿನಲ್ಲಿ ಅವನಿಗೆ ಜಾಗ ಬಿಟ್ಟು ಏಳುತ್ತಿದ್ದರು. ಮುರಳಿ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟು, ಕೊನೆಗೆ ಕೆಲಸಕ್ಕೂ ರಜೆ ಹಾಕಿದ.

ದಿನೇಶನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪ್ರೇಮಮ್ಮ ಒಂದು ಕಡೆ, ಮುರಳಿ ಒಂದು ಕಡೆ. ಮುರಳಿ ದಿನವಿಡೀ ಅಲ್ಲೇ ಇರುತ್ತಿದ್ದ. ಉಚ್ಚೆಯ ಚೀಲ ಬದಲಿಸುವುದನ್ನೂ ಕಲಿತ. ಎಷ್ಟು ಮಾಡಿದರೂ ಡಾಕ್ಟರಿಗೆ ಕೊಟ್ಟ ಉತ್ತರ ಮನಸ್ಸಿನಿಂದ ಹೋಗಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರೇಮಮ್ಮ ಬಟ್ಟೆ ಒಗೆಯಲು ಹೋಗಿದ್ದರು. ದಿನೇಶ ಸೀಲಿಂಗು ನೋಡುತ್ತ ಮಲಗಿದ್ದವನು ಇದ್ದಕ್ಕಿದ್ದಂತೆ ಕೇಳಿದ.

"ಮುರಳಿ, ಒಂದು ಕೇಳ್ತೀನಿ. ಆ ಕಲ್ಲಿನ ಮೇಲೆ ಮಲಗಿಸಿದ್ಯಲ್ಲ, ಆಗ ನನ್ನ ಬೆರಳು ಆಡ್ತು ಅಲ್ವಾ? ನನಗೆ ಹಾಗೆ ನೆನಪು. ನೀನು ಡಾಕ್ಟರ ಹತ್ರ ಇಲ್ಲ ಅಂದದ್ದೂ ಕೇಳಿಸ್ತು. ಮೂರು ವಾರದಿಂದ ಅದೇ ಯೋಚನೆ. ನೋವಲ್ಲಿ ನಾನೇ ಏನೋ ಕಲ್ಪಿಸ್ಕೊಂಡೆನೇನೋ ಅಂತ."

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಾಕ್ಷಿಗೆ ಬೇರೆ ಯಾರೂ ಇರಲಿಲ್ಲ. ಮುರಳಿ ಮಂಚದ ಕಂಬಿ ಹಿಡಿದುಕೊಂಡು ನಿಂತ.

"ಆಡ್ತು," ಎಂದ. "ಬಲಗಾಲಿನ ಹೆಬ್ಬೆರಳು. ಎರಡು ದಡವೆ, ಎರಡು ಸಲ."

"ಮತ್ತೆ ಯಾಕೆ ಇಲ್ಲ ಅಂದೆ?"

"ನಾನು ಬೀಳಿಸಿದ್ದು ಗೊತ್ತಾಗತ್ತೆ ಅಂತ ಭಯ. ಬಿದ್ದ ಮೇಲೆ ತಾನೇ ನಿಂಗೆ ನೋವು ನಿಂತದ್ದು."

ದಿನೇಶ ಮುಖವನ್ನು ಮುರಳಿಯ ಕಡೆ ತಿರುಗಿಸಿದ. ಆಮೇಲೆ, ಎತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ ಎಂದ. ಬಿಟ್ಟು ಹೋಗಿದ್ದರೆ ನೀರು ಒಯ್ಯುತ್ತಿತ್ತೋ ಏನೋ, ಜಾರುವುದು ಯಾರ ಕೈಯಲ್ಲೂ ಇಲ್ಲ. ಅಷ್ಟು ಹೇಳಿದ ಮೇಲೆ ಅವನ ದನಿ ಗಟ್ಟಿಯಾಯಿತು.

"ಆದ್ರೆ ಅದು ನನ್ನ ಕಾಲು ಕೊನೇ ಸಲ ಆಡಿದ್ದು ಕಣೋ. ನೋಡಿದವನು ನೀನೊಬ್ಬನೇ. ನೀನೇ ಇಲ್ಲ ಅಂದ್ಬಿಟ್ಟೆ. ಹೋಗು, ಡಾಕ್ಟರಿಗೆ ಹೇಳಿ ಬಾ."

ಮುರಳಿ ಹೊರರೋಗಿಗಳ ಸಾಲಿನಲ್ಲಿ ಒಂದೂವರೆ ಗಂಟೆ ಕಾದ. ಆಪರೇಷನ್ ಮಾಡಿದ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವನು ಬೆರಳಿನ ವಿಷಯ, ಹೊತ್ತ ವಿಷಯ, ಬಿದ್ದ ವಿಷಯ ಎಲ್ಲವನ್ನೂ ಹೇಳುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಫೈಲು ತರಿಸಿ ಮೊದಲ ಪುಟ ತೆರೆದರು. ಚಲನೆ ಇಲ್ಲ ಎಂದು ಬರೆದಿದ್ದ ಸಾಲಿನ ಕೆಳಗೆ ಬೆರಳಿಟ್ಟರು. ನರ ಪೂರ್ತಿ ಹೋಗಿದೆ ಎಂದುಕೊಂಡು ಜ್ವರ ಇಳಿಯಲೆಂದು ಎರಡು ದಿನ ಬಿಟ್ಟೆವು, ಇದು ಗೊತ್ತಿದ್ದರೆ ಕಾಯುತ್ತಿರಲಿಲ್ಲ, ಬಂದ ದಿನವೇ ಕೈ ಹಾಕುತ್ತಿದ್ದೆವು ಎಂದರು. ಕಾಯದಿದ್ದರೆ ಕಾಲು ಉಳಿಯುತ್ತಿತ್ತಾ ಎಂದು ಮುರಳಿ ಕೇಳಿದ. ಉಳಿಯುತ್ತಿತ್ತು ಎನ್ನಲಾರೆ, ಇಲ್ಲ ಎಂದೂ ಹೇಳಲಾರೆ ಎಂದು ಡಾಕ್ಟರು ಫೈಲು ಮುಚ್ಚಿದರು.

ವಾರ್ಡು ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲ ಬಳಿ ಮುರಳಿ ಸುಮಾರು ಹೊತ್ತು ನಿಂತ. ಈ ಎರಡು ದಿನದ ಮಾತನ್ನು ದಿನೇಶನಿಗೆ ಹೇಳಲೇಬೇಕೆಂದಿರಲಿಲ್ಲ. ಹೇಳಿದರೆ ಹೋದ ಕಾಲು ಬರುವುದಿಲ್ಲ. ಹೊಸ ಸಂಕಟವಷ್ಟೇ ಬರುತ್ತದೆ. ಬಸ್ಸು ಹತ್ತಿ ಮನೆಗೆ ಹೋಗಿಬಿಡಬಹುದಿತ್ತು. ಕೊನೆಗೆ ಮೆಟ್ಟಿಲು ಹತ್ತಿದ.

ಪ್ರೇಮಮ್ಮ ಬಂದಿದ್ದರು. ಮಗ ಎಲ್ಲ ಹೇಳಿದ್ದನೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅವರು ಮುರಳಿಯತ್ತ ತಿರುಗಲಿಲ್ಲ. ಒದ್ದೆ ಟವೆಲನ್ನು ಕಿಟಕಿಯ ಸರಳಿಗೆ ಹರವುತ್ತಿದ್ದರು.

"ಏನಂದ್ರು?" ಎಂದ ದಿನೇಶ.

ಮುರಳಿ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ಕಾಯುತ್ತಿರಲಿಲ್ಲ ಎಂದದ್ದನ್ನೂ ಹೇಳಿದ. ಪ್ರೇಮಮ್ಮನ ಕೈ ಟವೆಲಿನ ಮೇಲೆ ನಿಂತುಬಿಟ್ಟಿತು. ದಿನೇಶ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೂ ತೆರೆಯಲಿಲ್ಲ.

ಪ್ರೇಮಮ್ಮ ಟವೆಲು ಹರವಿ ಮುಗಿಸಿ ಹತ್ತಿರ ಬಂದರು. "ನೀನು ಮನೆಗೆ ಹೋಗಪ್ಪ," ಎಂದರು. "ಮಗ್ಗುಲು ಬದಲಿಸೋಕೆ ಆಯಾನ ಕರೀತೀನಿ. ನಾಳೆಯಿಂದ ಬರಬೇಡ."

ಮುರಳಿ ದಿನೇಶನ ಮುಖ ನೋಡಿದ. ಅವನು ಬರಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ಮುರಳಿ ಕುರ್ಚಿಯ ಮೇಲಿದ್ದ ತನ್ನ ಚೀಲ ಎತ್ತಿಕೊಂಡು ಕೆಳಗಿಳಿದು, ರಸ್ತೆ ದಾಟಿ, ತ್ರಿಪ್ಲಿಕೇನಿನ ಬಸ್ಸಿಗಾಗಿ ನಿಂತ ಜನರ ನಡುವೆ ಹೋಗಿ ನಿಂತುಕೊಂಡ.