ಪಾಲುದಾರರ ಪಾಲು

“ಏಯ್, ಆ ಕಡೆ ಹೋಗಿ ನಿಂತ್ಕೊಳೆ! ದುಡ್ಡು ಹಾಕೋರು ಬರೋ ಹೊತ್ತಾಯ್ತು, ನಿನ್ ನಾತ ಅವರ ಮೂಗಿಗೆ ಬಡೀಬಾರ್ದು!”

ಹೀಗೆ ಉಗಿದ ಮ್ಯಾನೇಜರನ ಮಾತು, ಕಾರು ಬಂದು ನಿಂತದ್ದೇ ತಡ, ಬೆಣ್ಣೆಯಾಯಿತು. “ಇವರು ನಮ್ಮ ಅಕ್ಕ. ನಮ್ಮ ಸಂಸ್ಥೇಲಿ ಕೂಲಿಯವರು ಅನ್ನೋ ಪದಾನೇ ಇಲ್ಲ ಮೇಡಂ. ಎಲ್ರೂ ಪಾಲುದಾರರು!”

ಪಾಲುದಾರರಂತೆ! ಗುಂಡಿಗೆ ಬಿಟ್ಟ ಪೈಪು ಹಿಡಿದು ನಿಂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಮಲದ ಗುಂಡಿ ಬಳಿಯುವುದು ಅವಳಪ್ಪನ ಕಾಲದಿಂದ ಕೊರಳಿಗೆ ಬಿದ್ದ ಕೆಲಸ. ಅದನ್ನು ತಪ್ಪಿಸುತ್ತೇವೆಂದು ಸಂಸ್ಥೆಯವರು ಹೀರುವ ಯಂತ್ರ ತಂದರು. ಅದೋ, ನೀರು ಬಿಟ್ಟು ಬೇರೇನನ್ನೂ ಹೀರದು. ತಳದ ಗಟ್ಟಿಯನ್ನು ಯಾರಾದರೂ ಇಳಿದು ಕಲಕಲೇಬೇಕು. ಯಂತ್ರ ನೋಡುವವರು ಬರುವ ದಿನ ಬೆಳಗ್ಗೆಯೇ ಅವಳ ತಮ್ಮ ಕಲಕಿಡುತ್ತಿದ್ದ. ಹೋದ ತಿಂಗಳು ಇಳಿದವನು ಹೆಣವಾಗಿ ಮೇಲೆ ಬಂದ. ಕುಡಿದು ಬಿದ್ದನೆಂದು ಸಂಸ್ಥೆ ಬರೆದುಕೊಂಡಿತು. ಒಂದು ಹನಿಯನ್ನೂ ಮುಟ್ಟಿದವನಲ್ಲ ಅವನು! ಇವತ್ತು ಅವಳೇ ಇಳಿದು ಕಲಕಿದ್ದಳು.

ಬಂದವರು ಒಪ್ಪಿದರೆ ಇದೇ ಯಂತ್ರ ಇನ್ನು ನೂರು ಊರಿಗೆ. ಅಲ್ಲೂ ಯಾರ ಯಾರ ತಮ್ಮಂದಿರೋ.

ಬಿಳಿ ಕುರ್ಚಿಯಲ್ಲಿ ಕೂತ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಕೇಳಿದಳು: “ಈಗ ಯಾರೂ ಗುಂಡಿಗೆ ಇಳಿಯಲ್ಲ, ಅಲ್ವಾ?”

“ಇಳಿತೀವಿ ತಾಯಿ. ನನ್ ತಮ್ಮ ಅದರಲ್ಲೇ ಸತ್ತ. ಕುಡ್ದಿರ್ಲಿಲ್ಲ ಅವನು.”

ಮ್ಯಾನೇಜರ್ ಹತ್ತಿರ ಬಂದು ಹಲ್ಲು ಕಡಿದ. “ಬಾಯ್ಮುಚ್ಚೆ ಮುಂಡೆ!” ಆಮೇಲೆ ಕುರ್ಚಿಗಳತ್ತ ತಿರುಗಿ ನಕ್ಕ. “ಪಾಪ, ದುಃಖದಲ್ಲಿದಾರೆ.”

“ಛೆ ಛೆ,” ಎಂದಳು ಆ ಹೆಂಗಸು, ಗಡಿಯಾರ ನೋಡಿಕೊಂಡು. “ಹೋಗ್ಲಿ, ಯಂತ್ರ ತೋರಿಸಿ.”

ತಮ್ಮನ ಸಾವು ಅಷ್ಟಕ್ಕೇ ಮುಗಿಯಿತು. ಹೋಗಲಿಯಂತೆ!

ಯಂತ್ರದ ಹಿಡಿಕೆಯನ್ನು ಮೇಲೆತ್ತಿದರೆ ಹೀರುತ್ತದೆ, ಕೆಳಗೊತ್ತಿದರೆ ಉಗುಳುತ್ತದೆ. ಪೈಪು ಕಟ್ಟಿಕೊಂಡಾಗ ಬೇಕಾಗುವ ಈ ಉಪಾಯ ಕೈ ಕೆಸರು ಮಾಡಿಕೊಂಡವರಿಗೆ ಮಾತ್ರ ಗೊತ್ತು. ನಿನ್ನೆ ಮೂರು ಮನೆಯಿಂದ ಹೀರಿದ್ದು ಟ್ಯಾಂಕಿನಲ್ಲೇ ಇತ್ತು. ಅವಳು ಪೈಪನ್ನು ಗುಂಡಿಯಿಂದೆತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಅದರ ಬಾಯಿ ಬಿಳಿ ಕುರ್ಚಿಗಳತ್ತ ತಿರುಗಿತು.

“ಅಕ್ಕಾ, ಏನ್ಮಾಡ್ತಿದೀರಾ? ಏಯ್... ಏಯ್!”

“ಪಾಲುದಾರರಲ್ವಾ ಸಾರ್?” ಎಂದಳು. “ತಗೊಳ್ಳಿ ನಿಮ್ ಪಾಲು!”

ಹಿಡಿಕೆ ಕೆಳಗೊತ್ತಿದಳು. ಕುರ್ಚಿಗಳು ಉರುಳಿದವು, ಜನ ಕಿರುಚಿಕೊಂಡು ಕಾರಿನತ್ತ ಓಡಿದರು. ಮ್ಯಾನೇಜರ್ ಜಾರಿ ಬಿದ್ದು, ಮೊಣಕಾಲೂರಿ, ಬಾಯಿ ಒರೆಸಿಕೊಳ್ಳುತ್ತಾ, “ಅಕ್ಕಾ, ಸಾಕು ಅಕ್ಕಾ,” ಎಂದು ಗೋಗರೆದ.

ಟ್ಯಾಂಕು ಬರಿದಾಗುವವರೆಗೂ ಅವಳು ಹಿಡಿಕೆ ಬಿಡಲಿಲ್ಲ.